ರಾಗಿ ಹೊಲ ಉಳಿದರೆ ಕೆರೆಯೂ ಉಳಿದೀತು

ವಿದ್ಯಾರಣ್ಯಪುರದಿಂದ ಪೂರ್ವಕ್ಕೆ ತಿಂಡ್ಲು ದಾಟಿದರೆ ಕೃಷಿ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆಯ ಕಾಂಪೌಂಡು. ಉತ್ತರಕ್ಕೆ ಯಲಹಂಕ, ರಾಜಾನುಕುಂಟೆ ಕಳೆದರೆ ದೊಡ್ಡಬಳ್ಳಾಪುರದ ರಾಗಿ ಹೊಲಗಳು. ವಾಯವ್ಯಕ್ಕೆ ಹೆಸರಘಟ್ಟದ ಹುಲ್ಲುಗಾವಲು. ಕೃಷಿ ಇಲಾಖೆಯ ಕೆಲಸದಲ್ಲಿ ಈ ಸುತ್ತಿನ ಹೋಬಳಿಗಳಲ್ಲೇ ನನ್ನ ಹೆಚ್ಚಿನ ವರ್ಷಗಳು ಕಳೆದವು. ನಿವೃತ್ತನಾದ ಮೇಲೆ ಇಲ್ಲೇ ನೆಲೆಸಿ, ದೊಡ್ಡಬೊಮ್ಮಸಂದ್ರ ಕೆರೆಗಾಗಿ ಓಡಾಡುವ ನೆರೆಹೊರೆಯವರ ಜೊತೆ ಸೇರಿಕೊಂಡಿದ್ದೇನೆ. ಹೀಗಾಗಿ ಎರಡು ಬಗೆಯ ಸಭೆಗಳಲ್ಲಿ ಕೂತು ಕೇಳುವ ಅವಕಾಶ ನನಗೆ ಸಿಕ್ಕಿದೆ. ಹಳ್ಳಿಯ ಸಭೆಯಲ್ಲಿ ಪರಿಸರ ಎಂದರೆ ರೈತನ ಕೈ ಕಟ್ಟುವ ಕಾನೂನು ಎಂಬ ಸಿಟ್ಟು. ಬಡಾವಣೆಯ ಸಭೆಯಲ್ಲಿ ಕೃಷಿ ಎಂದರೆ ಸಬ್ಸಿಡಿ ನುಂಗುವ ಬಾಬತ್ತು ಎಂಬ ಬೇಸರ. ಎರಡನ್ನೂ ನಾನು ಒಪ್ಪುವುದಿಲ್ಲ. ಬೆಂಗಳೂರಿನ ಉತ್ತರಕ್ಕೆ ಮಣ್ಣು, ನೀರು, ಹಕ್ಕಿಪಕ್ಷಿ ಇಷ್ಟಾದರೂ ಉಳಿದಿದ್ದರೆ ಅದು ಇನ್ನೂ ಬೇಸಾಯ ಬಿಡದ ರೈತನಿಂದ. ಅವನಿಗೆ ಬೇಸಾಯ ಗಿಟ್ಟುವಂತೆ ಮಾಡುವುದೇ ಈ ಸೀಮೆಯ ಮಟ್ಟಿಗೆ ಮೊದಲ ಪರಿಸರ ನೀತಿ. ಈ ತೀರ್ಮಾನಕ್ಕೆ ನನ್ನನ್ನು ತಂದ ಪಾಠಗಳು ಇವು.

1. ಮೊದಲು ಮಳೆಯ ಪಂಚಾಂಗ, ಆಮೇಲೆ ಬಜೆಟ್ಟಿನದು

ಸರ್ಕಾರದ ವರ್ಷ ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಮ್ಮ ಸೀಮೆಯ ರೈತನ ವರ್ಷ ಭರಣಿ, ಕೃತ್ತಿಕೆ ಮಳೆಯ ಉಳುಮೆಯಿಂದ ಶುರುವಾಗುತ್ತದೆ. ಆರಿದ್ರ, ಪುನರ್ವಸು, ಪುಷ್ಯದ ಹೊತ್ತಿಗೆ ರಾಗಿ ಬಿತ್ತನೆ, ಕಾರ್ತಿಕ ಕಳೆದ ಮೇಲೆ ಕೊಯ್ಲು, ಸಂಕ್ರಾಂತಿಯ ಆಸುಪಾಸು ಕಣ. ಮಾರ್ಚಿನಲ್ಲಿ ಘೋಷಣೆಯಾದ ಯೋಜನೆಗೆ ಮಾರ್ಗಸೂಚಿ ಬಂದು, ಕ್ರಿಯಾ ಯೋಜನೆಗೆ ಒಪ್ಪಿಗೆ ಸಿಕ್ಕಿ, ಅನುದಾನ ಹೋಬಳಿಗೆ ಇಳಿಯುವಷ್ಟರಲ್ಲಿ ಪುಷ್ಯ ಮಳೆ ಮುಗಿದಿರುತ್ತದೆ. ಉಳಿದ ಹಣವನ್ನು ಮಾರ್ಚಿನೊಳಗೆ ಖರ್ಚು ಮಾಡಲೇಬೇಕೆಂಬ ಒತ್ತಡದಲ್ಲಿ ಹಾಕಿದ ಬದುವಿನ ಮೇಲೆ ಹುಲ್ಲು ಹತ್ತುವ ಮೊದಲೇ ಮೊದಲ ಬಿರುಮಳೆ ಬಂದು ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಅಕ್ಟೋಬರಿನಲ್ಲಿ ಹಂಚಿದ ಸಸಿ ಬೇರು ಬಿಡುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ.

ಇದಕ್ಕೆ ಹೊಸ ಕಾನೂನು ಬೇಡ. ಮೂರು ವರ್ಷಕ್ಕೆ ಒಮ್ಮೆಲೇ ಒಪ್ಪಿಗೆ ಕೊಟ್ಟು, ಉಳಿದ ಹಣ ಮುಂದಿನ ಮಳೆಗಾಲಕ್ಕೆ ದಾಟಲು ಬಿಟ್ಟರೆ ಸಾಕು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಈ ದಾರಿಯಲ್ಲಿ ಅರ್ಧ ದೂರ ಬಂದಿದೆ. ಅಲ್ಲಿ ರೈತನಿಗೆ ಹಣ ಸಿಗುವುದು ಬದುಕಿ ಉಳಿದ ಗಿಡಕ್ಕೆ, ಅದೂ ಮೂರು ವರ್ಷಗಳಲ್ಲಿ ಕಂತು ಕಂತಾಗಿ. ನೆಟ್ಟ ಲೆಕ್ಕಕ್ಕಿಂತ ಉಳಿದ ಲೆಕ್ಕಕ್ಕೆ ದುಡ್ಡು ಎಂಬ ಈ ತತ್ವವನ್ನು ಬೇರೆ ಇಲಾಖೆಗಳೂ ಹಿಡಿಯಬೇಕು.

2. ಬದು ಹಾಕುವ ಮೊದಲು ಅಕ್ಕಪಕ್ಕದವರನ್ನು ಕೂರಿಸಿ

2001ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಸುಜಲ ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ನಡೆಯಿತು. ಅದರಲ್ಲಿ ಕೆಲಸ ಮಾಡಿದವರು ಈಗಲೂ ಹೇಳುವ ಮಾತೊಂದೇ. ಗುದ್ದಲಿ ಎತ್ತುವ ಮೊದಲು ಗುಂಪು ಕಟ್ಟಿದೆವು, ಯಾರ ಹೊಲದ ನೀರು ಯಾರ ಹೊಲದ ಮೇಲೆ ಹರಿದು ಎಲ್ಲಿ ಇಳಿಯಬೇಕು ಎಂಬುದನ್ನು ಅವರವರೇ ಕೂತು ತೀರ್ಮಾನಿಸಿದರು. ನೀರಿಗೆ ಪಹಣಿಯ ಗಡಿ ತಿಳಿಯದು. ನಕ್ಷೆ ಹಿಡಿದು ಬಂದ ಗುತ್ತಿಗೆದಾರ ಎಳೆದ ಬದುವನ್ನು ಮೇಲಿನ ಹೊಲದವನು ಒಂದು ರಾತ್ರಿಯಲ್ಲಿ ಒಡೆದು ಹಾಕುತ್ತಾನೆ, ಏಕೆಂದರೆ ಅವನ ರಾಗಿ ನೀರಿನಲ್ಲಿ ನಿಂತಿರುತ್ತದೆ.

3. ನಿಷೇಧಿಸುವುದು ಸುಲಭ, ಬದಲಿ ಕೊಡುವುದೇ ಕೆಲಸ

1980ರ ದಶಕದ ಸಾಮಾಜಿಕ ಅರಣ್ಯದ ಹೊತ್ತಿನಲ್ಲಿ ಕೋಲಾರ, ಬೆಂಗಳೂರು ಗ್ರಾಮಾಂತರದ ಹೊಲಗಳಿಗೆ ನೀಲಗಿರಿ ಬಂತು. ಸಸಿ ಕೊಟ್ಟಿದ್ದು ಸರ್ಕಾರವೇ, ಹುರಿದುಂಬಿಸಿದ್ದೂ ಸರ್ಕಾರವೇ. 2017ರಲ್ಲಿ ಅದೇ ಸರ್ಕಾರ ಹೊಸದಾಗಿ ನೀಲಗಿರಿ, ಅಕೇಶಿಯಾ ನೆಡುವುದನ್ನು ನಿಷೇಧಿಸಿತು. ನಿಷೇಧ ಸರಿಯಾದದ್ದು. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಕಾಣದ ಸೀಮೆಯಲ್ಲಿ ಆಳಕ್ಕೆ ಬೇರು ಬಿಟ್ಟು ಹೀರುವ ಮರವನ್ನು ಸಾಲುಸಾಲಾಗಿ ಬೆಳೆಸುವುದನ್ನು ಸಮರ್ಥಿಸಲು ನನಗಂತೂ ಆಗದು.

ಆದರೆ ರೈತ ನೀಲಗಿರಿ ಹಾಕಿದ್ದೇಕೆ? ಮಗ ಪೀಣ್ಯದ ಕಾರ್ಖಾನೆಗೆ ಹೋದ, ಮಗಳು ಮದುವೆಯಾಗಿ ಹೋದಳು, ಕಳೆ ತೆಗೆಯಲು ಆಳಿಲ್ಲ, ಆಳಿಗೆ ಕೊಡುವ ಕೂಲಿ ರಾಗಿಯಲ್ಲಿ ಹುಟ್ಟುವುದಿಲ್ಲ. ನೀಲಗಿರಿಯನ್ನು ಒಮ್ಮೆ ನೆಟ್ಟರೆ ಕಾವಲೂ ಬೇಡ, ದನವೂ ಮೇಯುವುದಿಲ್ಲ. ಐದಾರು ವರ್ಷಕ್ಕೊಮ್ಮೆ ಕಡಿದರೆ ಮದುವೆಗೋ ಆಸ್ಪತ್ರೆಗೋ ಒಂದು ಗಂಟು ಕೈಗೆ ಬರುತ್ತದೆ. ಆದೇಶವು ಸಸಿಯನ್ನು ತಡೆಯಿತು, ಈ ಕಾರಣಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಬುಡ ಕೀಳಿಸಲು ಜೆಸಿಬಿ ಬಾಡಿಗೆ ಯಾರು ಕೊಡುತ್ತಾರೆ, ಕಿತ್ತ ನೆಲ ಮತ್ತೆ ರಾಗಿಗೆ ಹದವಾಗುವ ತನಕದ ಮಳೆಗಾಲಗಳಲ್ಲಿ ಮನೆ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆಗಳಿಗೆ ಆದೇಶದ ಹಾಳೆಯಲ್ಲಿ ಜಾಗವಿರಲಿಲ್ಲ. ಹಳೆಯ ಕೂಳೆ ಚಿಗುರಿ ಇವತ್ತಿಗೂ ತೋಪುಗಳು ನಿಂತಿವೆ. ಕೆಲವರು ಬುಡ ಕೀಳಿಸಿದರು, ರಾಗಿಗಾಗಿ ಅಲ್ಲ, ಸೈಟು ಮಾಡಲು. ಪರಿಸರಕ್ಕೆಂದು ಹೊರಟ ಆದೇಶ ಲೇಔಟಿನಲ್ಲಿ ಹೋಗಿ ಮುಗಿದದ್ದನ್ನು ನೋಡಿದಾಗ ಸಂಕಟವಾಗುತ್ತದೆ. ಬುಡ ಕೀಳಲು ನೆರವು, ಹೊಂಗೆ, ಹಲಸು, ಹುಣಸೆ ಸಸಿ, ಅವು ಫಲ ಕೊಡುವ ತನಕ ಎಕರೆಗಿಷ್ಟು ಎಂಬ ವಾರ್ಷಿಕ ಸಹಾಯ ಒಟ್ಟಿಗೇ ಬಂದಿದ್ದರೆ ಎಷ್ಟೋ ತೋಪುಗಳ ಹಣೆಬರಹ ಬೇರೆಯಾಗುತ್ತಿತ್ತು.

4. ಕೃಷಿ ಹೊಂಡಕ್ಕೆ ಬೇಲಿಯೂ ಬೇಕು

2014ರಲ್ಲಿ ಬಂದ ಕೃಷಿ ಭಾಗ್ಯ ಒಣ ಬೇಸಾಯದವರಿಗೆ ಸಿಕ್ಕ ಒಳ್ಳೆಯ ಯೋಜನೆ. ಹೊಂಡ, ಅದಕ್ಕೆ ಪಾಲಿಥಿನ್ ಹಾಸು, ಡೀಸೆಲ್ ಪಂಪು, ತುಂತುರು ನೀರಾವರಿ ಎಲ್ಲವೂ ಒಂದೇ ಕಟ್ಟಿನಲ್ಲಿ ಬಂದದ್ದರಿಂದ ಅದು ನಡೆಯಿತು. ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಒಂದೇ ಒಂದು ನೀರು ಬೆಳೆಯನ್ನು ಉಳಿಸುತ್ತದೆ. ಆದರೆ ಹಾಸಿನ ಹೊಂಡದ ಅಂಚು ಜಾರುತ್ತದೆ, ಬಿದ್ದ ಮಗುವಿಗೆ ಹತ್ತಿ ಬರಲಾಗದು. ಅಂಥ ಸಾವುಗಳ ನಂತರ ತಂತಿ ಬೇಲಿಯೂ ಯೋಜನೆಯೊಳಗೆ ಸೇರಿತು. ಹೊಂಡ ತೋಡಿಸುವವರು ಬೇಲಿ ಹಾಕಿಸದೆ ನೀರು ತುಂಬಿಸಬೇಡಿ.

5. ನಮ್ಮ ಬಚ್ಚಲ ನೀರು ಅವರ ಹೊಲಕ್ಕೆ ಹೋಗುತ್ತಿದೆ, ಅದು ಹೇಗಿದೆ ಎಂದು ಕೇಳಿ

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ವಿದ್ಯಾರಣ್ಯಪುರದಂಥ ಬಡಾವಣೆಯ ಬಹುಪಾಲು ಜನರಿಗೆ ಇದರ ಅರಿವೇ ಇಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್‌ನ ಯೋಜನೆ ಅದು. ನಮ್ಮದು ಹೆಬ್ಬಾಳ–ನಾಗವಾರ ಕಣಿವೆ. ಇಲ್ಲಿಂದ ದಿನಕ್ಕೆ 210 ದಶಲಕ್ಷ ಲೀಟರ್ ಸಾಗಿಸಿ ಬೆಂಗಳೂರು ನಗರ, ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆ ತುಂಬಿಸುವುದು ಯೋಜನೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಅತಿಬಳಕೆಯಿಂದ ಅಂತರ್ಜಲ ಬರಿದಾದ ತಾಲ್ಲೂಕುಗಳಲ್ಲಿ ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಏರಿದ್ದು ನಿಜ. ವರ್ಷಗಟ್ಟಲೆ ಬಿರುಕು ಬಿಟ್ಟು ಬಿದ್ದಿದ್ದ ಕೆರೆಯ ಏರಿ ಮೇಲೆ ನಿಂತು ನೀರು ನೋಡಿದ ಹಿರಿಯರ ಕಣ್ಣು ತುಂಬಿದ್ದನ್ನು ನಾನು ಕಂಡಿದ್ದೇನೆ. ಆ ಸಂತೋಷವನ್ನು ಯಾವ ವರದಿಯೂ ಅಲ್ಲಗಳೆಯಲಾರದು.

ಆದರೆ ಈ ನೀರಿಗೆ ಆಗುತ್ತಿರುವುದು ಎರಡನೇ ಹಂತದ ಸಂಸ್ಕರಣೆ. ಅದರಲ್ಲಿ ಗಲೀಜು, ತೇಲುವ ಕಣ ಬಹುಮಟ್ಟಿಗೆ ಹೋಗುತ್ತವೆ. ಸಾರಜನಕ, ರಂಜಕ, ಸಾಬೂನಿನ ರಾಸಾಯನಿಕ, ಕಾರ್ಖಾನೆಯಿಂದ ಸೇರಿಕೊಂಡ ಭಾರಲೋಹ ಪೂರ್ತಿ ಹೋಗುವುದಿಲ್ಲ. 2018ರ ಜುಲೈನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಾಗ ಹೈಕೋರ್ಟ್ ಯೋಜನೆಗೆ ಕೆಲಕಾಲ ತಡೆ ಕೊಟ್ಟಿತ್ತು. ಮೂರನೇ ಹಂತದ ಸಂಸ್ಕರಣೆ ಆಗಲಿ ಎಂದು ಆ ಜಿಲ್ಲೆಗಳ ಹೋರಾಟಗಾರರು ಅಂದಿನಿಂದ ಕೇಳುತ್ತಲೇ ಇದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು. ವೃಷಭಾವತಿಯ ನೀರಿನಲ್ಲಿ ಬೆಳೆದ ಸೊಪ್ಪು ತರಕಾರಿಯಲ್ಲಿ ಭಾರಲೋಹ ಕಂಡುಬಂದ ಮೇಲೆ, ಅದೇ ತಪ್ಪು ಉತ್ತರದಲ್ಲೂ ಆಗಲಿ ಎಂದು ಸುಮ್ಮನಿರುವುದು ಹೇಗೆ? ಕೆರೆಯಿಂದ ನೇರವಾಗಿ ಪಂಪು ಮಾಡಬಾರದು, ಇಂಗಿದ ನೀರನ್ನು ಬೋರ್‌ವೆಲ್‌ನಿಂದ ಎತ್ತಿ ಎಂಬ ನಿಯಮವಿದೆ. ಬೋರ್‌ವೆಲ್ ಇಲ್ಲದ ಸಣ್ಣ ಹಿಡುವಳಿದಾರ ಏರಿಯ ಮೇಲೆ ನಿಂತು ನೋಡುವುದಷ್ಟೇ ಆಗುತ್ತದೆ. ನೀರು ಕೊಟ್ಟರೂ ಪಾಲು ಸಮನಾಗದಿದ್ದರೆ ಅದು ಅರ್ಧ ನೀತಿ.

ದಾರಿ ತೋರಿಸುವ ಕೆರೆ ನಮ್ಮ ಹತ್ತಿರವೇ ಇದೆ. ಜಕ್ಕೂರು ಕೆರೆಯ ಮೇಲ್ದಂಡೆಯಲ್ಲಿ ಸಂಸ್ಕರಣಾ ಘಟಕವಿದೆ. ಅಲ್ಲಿಂದ ಹೊರಬಂದ ನೀರು ನೇರ ಕೆರೆಗೆ ಬೀಳದೆ ಆಪು, ಜೊಂಡಿನ ಜೌಗಿನ ಮೂಲಕ ನಿಧಾನವಾಗಿ ಹಾಯುತ್ತದೆ. ಯಂತ್ರ ಬಿಟ್ಟ ಸಾರಜನಕ, ರಂಜಕವನ್ನು ಗಿಡಗಳು ಎಳೆದುಕೊಳ್ಳುತ್ತವೆ. ಅಲ್ಲಿ ಮೀನುಗಾರಿಕೆ ನಡೆಯುತ್ತದೆ, ಸುತ್ತಿನವರು ದನಕ್ಕೆ ಹುಲ್ಲು ಕೊಯ್ಯುತ್ತಾರೆ, ಹಕ್ಕಿಗಳು ಬರುತ್ತವೆ. ಕೊಳಚೆ ನೀರು ತುಂಬಿಸುವ ಪ್ರತಿ ಕೆರೆಯ ಬಾಯಲ್ಲೂ ಇಂಥ ಒಂದು ಜೌಗಿಗೆ ಜಾಗ ಬಿಡುವುದು ದುಬಾರಿಯ ಕೆಲಸವಲ್ಲ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಸುತ್ತ ಕಲ್ಲು ಕಟ್ಟಿ, ನಡಿಗೆ ದಾರಿ ಹಾಕಿ, ದನ ಮೇಯಿಸುವವನನ್ನೂ ಬಲೆ ಬೀಸುವವನನ್ನೂ ಬೇಲಿಯಾಚೆ ನಿಲ್ಲಿಸಿದ ಕೆರೆಗಳೊಂದಿಗೆ ಜಕ್ಕೂರನ್ನು ಹೋಲಿಸಿ ನೋಡಿ. ಕೆರೆಯಿಂದ ಹೊಟ್ಟೆ ತುಂಬುವವನಿಗಿಂತ ದೊಡ್ಡ ಕಾವಲುಗಾರ ಕೆರೆಗೆ ಸಿಗಲಾರ.

6. ಗೊಬ್ಬರ ನಮ್ಮ ಅಡುಗೆಮನೆಯಲ್ಲಿದೆ

ಮಾವಳ್ಳಿಪುರದ ಜನ ಬೆಂಗಳೂರಿನ ಕಸದಿಂದ ಅನುಭವಿಸಿದ್ದನ್ನು ಯಲಹಂಕ ಸೀಮೆಯವರು ಮರೆಯಬಾರದು. ಬೇರ್ಪಡಿಸದ ಕಸದ ಬೆಟ್ಟದಿಂದ ಇಳಿದ ಕಪ್ಪು ರಸ ಬಾವಿಗಳನ್ನು ಕೆಡಿಸಿತು. 2012ರಲ್ಲಿ ಗ್ರಾಮಸ್ಥರ ಹೋರಾಟದಿಂದ ಅಲ್ಲಿ ಕಸ ಸುರಿಯುವುದು ನಿಂತಿತು. ಅದೇ ವರ್ಷ ಹೈಕೋರ್ಟ್ ಮೂಲದಲ್ಲೇ ಕಸ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿತು. ಕಸದ ಲಾರಿಗಳು ಮಾತ್ರ ದಿಕ್ಕು ಬದಲಿಸಿ ಬೇರೆ ಹಳ್ಳಿಗಳ ಕಡೆ ತಿರುಗಿದವು. ಮಂಡೂರಿನವರೂ ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಯವರೂ ರಸ್ತೆಗಿಳಿಯಬೇಕಾಯಿತು.

ಈ ಕಸದ ದೊಡ್ಡ ಪಾಲು ಹಸಿ ಕಸ, ಎಂದರೆ ಗೊಬ್ಬರ. ಅದು ರಾಗಿ ಹೊಲಕ್ಕೆ ಎಷ್ಟು ಬೇಕಾಗಿದೆ ಎಂಬುದಕ್ಕೆ ಸಾಕ್ಷಿ ನಮ್ಮ ಬಡಾವಣೆಯ ಪಕ್ಕದಲ್ಲೇ ಇದೆ. ಜಿಕೆವಿಕೆಯ ಕೆಂಪು ಮಣ್ಣಿನಲ್ಲಿ 1978ರಿಂದ ಮಳೆಯಾಶ್ರಿತ ರಾಗಿಯ ದೀರ್ಘಾವಧಿ ಪ್ರಯೋಗ ನಡೆದುಬಂದಿದೆ. ಬರೀ ರಸಗೊಬ್ಬರ ಹಾಕಿದ ತಾಕಿನಲ್ಲಿ ವರ್ಷ ಕಳೆದಂತೆ ಇಳುವರಿ ಇಳಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಶಿಫಾರಸಿನ ರಸಗೊಬ್ಬರ ಹಾಕಿದ ತಾಕು ಮಳೆ ಏರುಪೇರಾದ ವರ್ಷಗಳಲ್ಲೂ ತಡೆದುಕೊಂಡಿತು. ಈಗ ಹಳ್ಳಿಯಲ್ಲಿ ದನ ಕಡಿಮೆ, ಕೊಟ್ಟಿಗೆ ಗೊಬ್ಬರದ ಬೆಲೆ ಹೆಚ್ಚು. ಒಂದು ಕಡೆ ಗೊಬ್ಬರಕ್ಕೆ ಹಸಿದ ಮಣ್ಣು, ಇನ್ನೊಂದು ಕಡೆ ಕೊಳೆಯುತ್ತಿರುವ ಗೊಬ್ಬರ, ನಡುವೆ ಇಪ್ಪತ್ತು ಮೂವತ್ತು ಕಿಲೋಮೀಟರ್.

2016ರಲ್ಲಿ ಕೇಂದ್ರ ಸರ್ಕಾರ ನಗರ ಕಾಂಪೋಸ್ಟಿಗೆ ಟನ್ನಿಗೆ 1,500 ರೂಪಾಯಿ ಮಾರುಕಟ್ಟೆ ನೆರವು ಘೋಷಿಸಿತು. ಕಿಲೋಗೆ ಒಂದೂವರೆ ರೂಪಾಯಿ. ಇನ್ನೊಂದು ಕಡೆ 45 ಕಿಲೋ ಯೂರಿಯಾ ಚೀಲ ರೈತನಿಗೆ ಸುಮಾರು 266 ರೂಪಾಯಿಗೆ ಸಿಗುತ್ತದೆ, ಉಳಿದ ಹೊರೆ ಸರ್ಕಾರದ್ದು. ತಕ್ಕಡಿ ಯಾವ ಕಡೆ ವಾಲಿದೆ ಎಂದು ಹೇಳಬೇಕಿಲ್ಲ. ಎಕರೆಗೆ ಎರಡು ಮೂರು ಟನ್ ಕಾಂಪೋಸ್ಟ್ ಸಾಗಿಸಲು ಟ್ರ್ಯಾಕ್ಟರ್ ಬಾಡಿಗೆಯೇ ರೈತನನ್ನು ಹಿಂದೆ ಸರಿಸುತ್ತದೆ. ನೆರವು ಸಾಗಣೆಗೆ ಸಿಗಬೇಕು, ರೈತನ ಖಾತೆಗೇ ಬೀಳಬೇಕು.

ಇನ್ನೊಂದು ಮಾತು. ಗಾಜಿನ ಚೂರು, ಸಿರಿಂಜು, ಪ್ಲಾಸ್ಟಿಕ್ ಚಿಂದಿ ಇರುವ ಕಾಂಪೋಸ್ಟನ್ನು ಒಮ್ಮೆ ಹೊಲಕ್ಕೆ ಹಾಕಿಸಿಕೊಂಡ ರೈತ ಜನ್ಮದಲ್ಲಿ ಮತ್ತೆ ಮುಟ್ಟುವುದಿಲ್ಲ. ಅವನು ಬರಿಗಾಲಲ್ಲಿ ನಡೆಯುವ ನೆಲ ಅದು. ಬೆಳಗ್ಗೆ ಕಸದ ಗಾಡಿಗೆ ಹಸಿ ಕಸದ ಬುಟ್ಟಿ ಕೊಡುವ ಪ್ರತಿ ಮನೆಯವರೂ ಆ ಕಾಲನ್ನು ನೆನೆಯಬೇಕು. ಕೆರೆಯ ಹೂಳಿಗೂ ಇದೇ ಮಾತು. ಮಳೆನೀರಿನ ಕೆರೆಯ ಗೋಡು ಹೊಲಕ್ಕೆ ಬಂಗಾರ. ಕೊಳಚೆ ಸೇರಿದ ಕೆರೆಯ ಗೋಡನ್ನು ಪರೀಕ್ಷಿಸದೆ ರೈತನಿಗೆ ಕೊಡಬಾರದು.

7. ಅಕ್ಕಡಿ ಉಳಿಯುವುದು ಬೆಲೆಯಿಂದ

ರಾಗಿಯ ನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಹರಳು ಸೇರಿಸಿ ಅಕ್ಕಡಿ ಸಾಲು ಹಾಕುವ ಪದ್ಧತಿ ನಮ್ಮ ಸೀಮೆಯದು. ದ್ವಿದಳ ಮಣ್ಣಿಗೆ ಸಾರಜನಕ ಕೊಡುತ್ತದೆ, ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ, ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಜೀವವೈವಿಧ್ಯದ ಬಗ್ಗೆ ವಿಚಾರ ಸಂಕಿರಣ ಮಾಡುವವರು ಪುಷ್ಯ ಮಳೆಯಲ್ಲಿ ಬಿತ್ತಿದ ಒಂದು ಅಕ್ಕಡಿ ಹೊಲವನ್ನು ಕಾರ್ತಿಕದಲ್ಲಿ ನೋಡಿಬರಬೇಕು.

ಇದನ್ನು ಉಳಿಸಿದ ನೀತಿ ಯಾವುದು ಎಂದು ಕೇಳಿದರೆ, ಪರಿಸರ ಇಲಾಖೆಯ ಯಾವ ಆದೇಶವೂ ನನಗೆ ನೆನಪಾಗುವುದಿಲ್ಲ. ನೆನಪಾಗುವುದು ಬೆಂಬಲ ಬೆಲೆಯಲ್ಲಿ ರಾಗಿ ಖರೀದಿಸಿ ಪಡಿತರದಲ್ಲಿ ಹಂಚುವ ಏರ್ಪಾಡು. 2024–25ಕ್ಕೆ ಕ್ವಿಂಟಲ್ ರಾಗಿಗೆ 4,290 ರೂಪಾಯಿ ಇದ್ದ ಬೆಂಬಲ ಬೆಲೆ 2025–26ಕ್ಕೆ 4,886 ಆಯಿತು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟು ರಾಗಿಯ ಇಳುವರಿ ಹೆಚ್ಚಿಸಿದರು. ಬೆಳೆದದ್ದಕ್ಕೆ ಬೆಲೆ ಕೊಡುವ ಕೆಲಸ ಸರ್ಕಾರದ್ದು. ಈ ಬೆಲೆ ಇದ್ದುದರಿಂದಲೇ ಎಷ್ಟೋ ಮನೆಗಳು ಹೊಲವನ್ನು ಬೀಳು ಬಿಡಲಿಲ್ಲ.

ಆದರೂ ನೋಂದಣಿ ಶುರುವಾಗುವುದು ತಡವಾಗಿ, ಸಾಲು ಉದ್ದವಾಗಿ, ಒಬ್ಬರಿಗೆ ಇಷ್ಟೇ ಕ್ವಿಂಟಲ್ ಎಂಬ ಮಿತಿ ಬಂದು, ಹಣ ಖಾತೆಗೆ ಬೀಳಲು ತಿಂಗಳುಗಳು ಹಿಡಿಯುತ್ತವೆ. ಸಾಲದ ಬಡ್ಡಿ ಅಷ್ಟು ದಿನ ಕಾಯುವುದಿಲ್ಲ. ಸಣ್ಣ ರೈತ ಕಣದಲ್ಲೇ ದಲ್ಲಾಳಿಗೆ ಕಡಿಮೆಗೆ ಅಳೆದುಬಿಡುತ್ತಾನೆ. ನವಣೆ, ಸಾಮೆಯಂಥ ಕಿರುಧಾನ್ಯಕ್ಕೆ ರೈತ ಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಇದೆ. ಅದೇ ಬಗೆಯಲ್ಲಿ ಅಕ್ಕಡಿ ಹಾಕಿದ ರಾಗಿ ಹೊಲಕ್ಕೂ ಪ್ರೋತ್ಸಾಹ ಕೊಡಲಿ. ಪರಿಸರ ಬಜೆಟ್ಟಿನಿಂದಲೇ ಕೊಡಲಿ, ಏಕೆಂದರೆ ಅದು ಪರಿಸರದ ಕೆಲಸವೇ.

8. ನೆಲವೇ ಹೋದ ಮೇಲೆ ಯಾವ ಯೋಜನೆಯೂ ಇಲ್ಲ

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ಇದ್ದ ತಡೆ ಹೋಯಿತು. ವಿಮಾನ ನಿಲ್ದಾಣದ ಸುತ್ತಿನ ಹಳ್ಳಿಗಳಲ್ಲಿ ಅದರ ಪರಿಣಾಮ ಬೇಲಿಗಳ ರೂಪದಲ್ಲಿ ಕಾಣುತ್ತದೆ. ಒಳಗೆ ಬೆಳೆಯಿಲ್ಲ, ಹೊರಗೆ ಬೋರ್ಡು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದಾಗಿ ಘೋಷಿಸಿದರು. ದ್ರಾಕ್ಷಿ, ರಾಗಿ, ತರಕಾರಿ, ರೇಷ್ಮೆ, ಹಾಲು ಬೆಂಗಳೂರಿಗೆ ಬರುವ ನೆಲ ಅದು. ಆ ಹೋರಾಟ ಬೆಂಗಳೂರಿನ ಪರಿಸರಕ್ಕಾಗಿ ನಡೆದದ್ದೂ ಹೌದು ಎಂದು ನಾನು ನಂಬಿದ್ದೇನೆ.

ಹೆಸರಘಟ್ಟದ್ದು ಇನ್ನೊಂದು ಬಗೆ. ಅಲ್ಲಿನ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಿರಸ್ಕರಿಸಿತು. 2024ರಲ್ಲಿ 5,678 ಎಕರೆಗೆ ಅದೇ ಮಂಡಳಿ ಒಪ್ಪಿತು. ನಡುವಿನ ವರ್ಷಗಳಲ್ಲಿ ಸುತ್ತಿನ ಹಳ್ಳಿಗಳಲ್ಲಿ ಹಬ್ಬಿದ್ದು ಭಯ, ನಮ್ಮ ಜಮೀನು ಹೋಗುತ್ತದೆ, ದನ ಬಿಡುವಂತಿಲ್ಲ ಎಂದು. ಸಂರಕ್ಷಣಾ ಮೀಸಲು ಎಂದರೆ ಸರ್ಕಾರಿ ನೆಲ, ಖಾಸಗಿ ಹಿಡುವಳಿಯಲ್ಲ ಎಂಬ ಸರಳ ಸಂಗತಿಯನ್ನು ಊರ ಕಟ್ಟೆಯ ಮೇಲೆ ಕೂತು ಕನ್ನಡದಲ್ಲಿ ಹೇಳುವವರು ಮೊದಲೇ ಹೋಗಿದ್ದರೆ ಆ ಭಯದ ಬಹುಪಾಲು ಹುಟ್ಟುತ್ತಲೇ ಇರಲಿಲ್ಲ.

ವಿದ್ಯಾರಣ್ಯಪುರದ ಓದುಗರಲ್ಲಿ ನನ್ನದೊಂದು ವಿನಂತಿ. ಕೆರೆಯ ಬಫರ್ ವಲಯದ ಬಗ್ಗೆ, ಮಾಸ್ಟರ್ ಪ್ಲಾನ್ ಬಗ್ಗೆ, ಸಂಸ್ಕರಿಸಿದ ನೀರಿನ ಬಗ್ಗೆ ಸರ್ಕಾರ ಕರಡು ಹೊರಡಿಸಿದಾಗ ದೊಡ್ಡಬಳ್ಳಾಪುರ, ದೇವನಹಳ್ಳಿಯ ರೈತನಿಗೆ ಅದು ತಲುಪುವುದೇ ಇಲ್ಲ. ನಿಮಗೆ ತಲುಪುತ್ತದೆ, ಓದಲು ಬಿಡುವೂ ಇದೆ, ಬರೆಯಲು ಬರುತ್ತದೆ. ಆಕ್ಷೇಪಣೆಗೆ ಸಾಮಾನ್ಯವಾಗಿ ಕೊಡುವ ಅವಧಿ 30 ಅಥವಾ 60 ದಿನ. ಅಷ್ಟರೊಳಗೆ ಒಂದು ಹಳ್ಳಿಗೆ ಹೋಗಿ, ಅಲ್ಲಿನವರನ್ನು ಕೇಳಿ, ಅವರ ಮಾತನ್ನೂ ಸೇರಿಸಿ ನಿಮ್ಮ ಆಕ್ಷೇಪಣೆ ಸಲ್ಲಿಸಿ.